ಚಕ್ರದ ಮುಂದಿನ ನಿಂಬೆಹಣ್ಣು

...ಆದರೆ ನಾಲ್ಕೂ ನಿಂಬೆಹಣ್ಣು ನೆನಪಿರುವವನಿಗೆ ಅಂದು ಬಿಸಿಲಿತ್ತೋ ಮೋಡವಿತ್ತೋ ಎಂಬುದು ಮರೆತುಹೋಗುವುದು ಹೇಗೆ? ಬಿಸಿಲೇ ಇತ್ತು ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡರೆ ನನಗೆ ಅನುಕೂಲ.

ಎಪ್ಪತ್ತರ ದಶಕದ ಒಂದು ಆಯುಧಪೂಜೆ. ಆದಿವಾಲದ ನಮ್ಮ ಮಾವನವರ ಮನೆ ಮುಂದೆ ಹೊಸ ಟ್ರ್ಯಾಕ್ಟರ್. ಪೂಜೆಯಾದ ಮೇಲೆ ಅದನ್ನು ನಾಲ್ಕು ಚಕ್ರಗಳ ಮುಂದಿಟ್ಟ ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತಿಸಬೇಕಾದವನು ಹಿರಿಯ ಅಳಿಯನಾದ ನಾನು. ಆ ಕಡೆ ಕಳ್ಳತನದ ಸುದ್ದಿ ಹಬ್ಬಿತ್ತೆಂದು ಸೀಟಿನ ಕೆಳಗೆ ಗುಪ್ತ ಸ್ವಿಚ್ಚೊಂದನ್ನು ಕೂರಿಸಿದವನೂ ನಾನೇ. ಅದನ್ನು ಒತ್ತದೆ ಕೀ ತಿರುಗಿಸಿದರೆ ಇಂಜಿನ್ ಏಳದು. ಆ ಗುಪ್ತ ಸ್ವಿಚ್ಚಿನ ಬಗ್ಗೆ ಮಾವ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಹಬ್ಬದ ಬೆಳಿಗ್ಗೆ ಮನೆಯವರೆಲ್ಲ ಕೊಡಗಟ್ಟಲೆ ನೀರು ಸುರಿದು, ಸೀಟಿನ ಅಡಿಯನ್ನೂ ಬಿಡದೆ, ಎಮ್ಮೆ ತೊಳೆದಂತೆ ಟ್ರ್ಯಾಕ್ಟರ್ ತೊಳೆದರು. ವಿಭೂತಿ, ಚೆಂಡುಹೂವು, ಮಂಗಳಾರತಿ ಎಲ್ಲ ಮುಗಿಯಿತು. ಹತ್ತಿ ಕೂತು ಸ್ವಿಚ್ ಒತ್ತಿ ಕೀ ತಿರುಗಿಸಿದೆ. ಸದ್ದಿಲ್ಲ.

"ಕಳ್ಳ ಇರ್ಲಿ, ಅಳಿಯಗೂ ಬಗ್ಗಲ್ಲ ಇದು!" ಬೇಲಿಯಾಚೆ ಯಾರೋ ನಕ್ಕರು.

ಆಗ ಎದ್ದುಬಂದವನು ನನ್ನ ಷಡ್ಡಕ, ನಾದಿನಿಯ ಗಂಡ, ಹೊಸದುರ್ಗದವನು. ಅಗಲ ಪ್ಯಾಂಟು, ಕಿವಿ ಮುಚ್ಚುವ ಕೂದಲು. ಅತ್ತೆ ಅವನ ಎಲೆಗೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಹಾಕುವುದನ್ನು ನಾನು ಎಷ್ಟೋ ಸಲ ನೋಡಿದ್ದೆ.

"ಇಳೀರಿ ಅಣ್ಣ, ನಾ ಒಂಚೂರು ನೋಡ್ತೀನಿ."

"ತಡಿಯಪ್ಪ, ಸ್ವಿಚ್ಚಿಗೆ ನೀರು ಹೋಗೈತೆ. ಒಣಗಿದ್ರೆ ತಾನೇ ಸ್ಟಾರ್ಟ್ ಆಗ್ತೈತೆ."

"ರಾಹುಕಾಲ ಬರ್ತೈತೆ, ಇಳೀರಿ ನೀವು," ಎಂದರು ಮಾವ.

ಇಳಿದೆ. ಅವನು ನನ್ನ ಸ್ವಿಚ್ಚನ್ನು ಕಿತ್ತು, ನೆಲಕ್ಕೆಸೆದು, ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು ಕೀ ತಿರುಗಿಸಿದ. ಇಂಜಿನ್ ಕೆಮ್ಮಿ ಎದ್ದಿತು. ಇಳಿದು ನನಗೆ ಬಿಟ್ಟುಕೊಡುತ್ತಾನೆಂದು ಚಕ್ರದ ಪಕ್ಕದಲ್ಲೇ ನಿಂತಿದ್ದೆ. ಅವನು ಗೇರ್ ಹಾಕಿದ. ನಿಂಬೆಹಣ್ಣು ಪಚಕ್ಕೆಂದವು. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ಇಲ್ಲ, ತಟ್ಟಿರಲಿಕ್ಕಿಲ್ಲ, ಅವಳ ಕೈಯಲ್ಲಿ ಆರತಿ ತಟ್ಟೆಯಿತ್ತು. ಆದರೂ ಆ ಚಪ್ಪಾಳೆ ನನಗೆ ಈಗಲೂ ಕೇಳಿಸುತ್ತದೆ.

"ಇನ್ಮೇಲೆ ಹಬ್ಬಕ್ಕೆ ನೀನೇ ಹತ್ತಿಸಪ್ಪ," ಎಂದು ಮಾವ ಅವನ ಬೆನ್ನು ತಟ್ಟಿದರು. ನನ್ನ ಬೆನ್ನನ್ನು ಅವರು ಮುಟ್ಟಿದ್ದೇ ಇಲ್ಲ. ನನಗೆ ಯಾವಾಗಲೂ ಮರ್ಯಾದೆ, ಕುರ್ಚಿ.

ಎಲ್ಲರೂ ಹೋಳಿಗೆ ಉಣ್ಣುವಾಗ ಹೊರಗೆ ಬಂದು, ಬಿದ್ದಿದ್ದ ಸ್ವಿಚ್ಚನ್ನು ಹುಡುಕಿ ಅಂಗೈಯಲ್ಲಿ ಹಿಡಿದೆ. ಒಣಗಿತ್ತು, ಬೆಚ್ಚಗೂ ಇತ್ತು. ನಾನು ಸೀಟಿನಿಂದ ಇಳಿಯುವ ಹೊತ್ತಿಗೇ ಒಣಗಿತ್ತೋ, ಅಂಗಳದಲ್ಲಿ ಬಿದ್ದ ಮೇಲೆ ಒಣಗಿತೋ? ಇನ್ನೊಂದು ಸಲ ನಾನೇ ಕೀ ತಿರುಗಿಸಿದ್ದರೆ ಇಂಜಿನ್ ಏಳುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.