ಅಳಿಸಿದ ಮೂವತ್ತು ಫೋಟೊ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಶಾಲೆಯ ಮಕ್ಕಳಿಗೆಲ್ಲ ಗೊತ್ತು. ವಿಜ್ಞಾನದ ಪ್ರಾಜೆಕ್ಟ್ ಎಂದರೆ ಪೇಟೆಯಿಂದ ಥರ್ಮೊಕೋಲ್ ತಂದು ಜ್ವಾಲಾಮುಖಿ ಮಾಡಿ, ಅದರ ಬಾಯಿಗೆ ಅಡುಗೆ ಸೋಡ ಸುರಿಯುವುದು ಎಂದುಕೊಂಡಿದ್ದವರನ್ನು ಆ ವರ್ಷ ಚೆನ್ನಾಗಿ ಬೈದೆ. ಮದ್ದೂರು ತಾಲ್ಲೂಕಿನಲ್ಲಿ ಯಾರ ಹೊಲದಲ್ಲಿ ಜ್ವಾಲಾಮುಖಿ ಇದೆ, ನನಗೂ ತೋರಿಸಿ ಎಂದೆ. ಸುತ್ತ ಕಬ್ಬಿದೆ, ನಾಲೆಯಿದೆ, ಆಲೆಮನೆಯಿದೆ. ಅವುಗಳಲ್ಲೇ ಒಂದು ಪ್ರಶ್ನೆ ಹುಡುಕಿಕೊಂಡು ಬನ್ನಿ ಎಂದು ಕಳಿಸಿದೆ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ನಿಜವಾದ ಪ್ರಶ್ನೆ ತಂದಳು. ಭಾರತೀನಗರದ ರಸ್ತೆಯಲ್ಲಿ ಅವಳ ಅಪ್ಪನ ಆಲೆಮನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವಾಗ ಅದರ ಬಣ್ಣ ಯಾವ ಬಿಸಿಯಲ್ಲಿ ಬದಲಾಗುತ್ತದೆ ಎಂಬುದು ಅವಳ ಪ್ರಶ್ನೆ. ದಾನಿಗಳು ಶಾಲೆಗೆ ಕೊಟ್ಟಿದ್ದ ಟ್ಯಾಬನ್ನು ಒಂದು ಕಂಬಕ್ಕೆ ಕಟ್ಟಿ, ಹತ್ತು ಸೆಕೆಂಡಿಗೊಂದು ಫೋಟೊ ತಾನೇ ತೆಗೆದುಕೊಳ್ಳುವಂತೆ ಇಟ್ಟೆವು. ಪ್ರತಿ ಫೋಟೊದ ಮೂಲೆಯಲ್ಲೂ ಅದನ್ನು ತೆಗೆದ ಗಂಟೆ, ನಿಮಿಷ ಬೀಳುತ್ತಿತ್ತು. ಮೂರು ಗಂಟೆಯ ಕುದಿತವೆಲ್ಲ ಮೂರು ನಿಮಿಷದ ವಿಡಿಯೊ ಆಗುತ್ತದೆಂದು ತಿಳಿದಾಗ ಅವಳಿಗಾದ ಖುಷಿ ಅಷ್ಟಿಷ್ಟಲ್ಲ. ಉದ್ದನೆಯ ಥರ್ಮಾಮೀಟರ್ ಹಿಡಿದು ಹೊಗೆಯಲ್ಲೇ ನಿಂತಳು. ಮರುದಿನ ಶಾಲೆಗೆ ಬಂದಾಗಲೂ ಕಣ್ಣು ಕೆಂಪಗಿದ್ದವು.

ತಾಲ್ಲೂಕಿನಲ್ಲಿ ಗೆದ್ದರೆ ಮಂಡ್ಯದ ಜಿಲ್ಲಾ ವಸ್ತುಪ್ರದರ್ಶನಕ್ಕೆ ಹೋಗಬಹುದು. ನಮ್ಮ ಶಾಲೆಯಿಂದ ಅಲ್ಲಿಗೆ ಯಾರೂ ಹೋದವರಿಲ್ಲ. ಅವಳಿಗೆ ಮಂಡ್ಯದ ಆಸೆ ಎಷ್ಟಿತ್ತೋ ನನಗೂ ಅಷ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ.

ತಾಲ್ಲೂಕು ಪ್ರದರ್ಶನದ ಹಿಂದಿನ ಸಂಜೆ ಸ್ಟಾಫ್ ರೂಮಿನಲ್ಲಿ ಇಬ್ಬರೂ ಕೂತು ವಿಡಿಯೊ ನೋಡಿದೆವು. ಹಸಿರುಗಂದು ಹಾಲು ನೊರೆಯೆದ್ದು, ನೊರೆ ತಗ್ಗಿ, ಪಾಕ ಕಡುಗಂದು ಬಣ್ಣಕ್ಕೆ ತಿರುಗಿತು. ಆಮೇಲೆ ಒಂದು ಕೈ ಬಂತು. ಮೂರೇ ಮೂರು ಫೋಟೊದಲ್ಲಿ. ಆ ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಿಂದ ಬೀಳುತ್ತಿದ್ದ ಬಿಳಿ ಪುಡಿ. ಪಾಕ ನೋಡನೋಡುತ್ತ ಹೊಂಬಣ್ಣಕ್ಕೆ ಬಂತು. ಹಾಲಿನ ಕೊಳೆ ತೆಗೆಯಲು ಹಾಕುವ ಸುಣ್ಣವಾಗಲಿ ಬೆಂಡೆಗಿಡದ ಲೋಳೆಯಾಗಲಿ ಹಾಗೆ ಮಾಡುವುದಿಲ್ಲ. ಬೆಲ್ಲ ಬೆಳ್ಳಗಾಗಲು ಹಾಕುವ ಕೆಮಿಕಲ್ಲು ಅದು. ಹಾಕಬಾರದೆಂದು ಎಲ್ಲರಿಗೂ ಗೊತ್ತು, ಹಾಕುತ್ತಾರೆಂದೂ ಎಲ್ಲರಿಗೂ ಗೊತ್ತು.

ನಾಳೆ ಅಧಿಕಾರಿಗಳು ಇರುತ್ತಾರೆ. ಯಾರಾದರೂ ಮೊಬೈಲಿನಲ್ಲಿ ಹಿಡಿದು ಗ್ರೂಪಿಗೆ ಹಾಕಿದರೆ ಆಲೆಮನೆಗೆ ಬೀಗ ಬೀಳಬಹುದು. ಇವಳ ಅಪ್ಪ ಇವಳನ್ನು ಮತ್ತೆ ಶಾಲೆಗೆ ಕಳಿಸುತ್ತಾನೆಯೇ? ಹೀಗೆಲ್ಲ ಯೋಚಿಸಿದೆ ಎನ್ನುವುದು ನಿಜ. ಬಹುಮಾನ ತಪ್ಪುತ್ತದೆ ಎಂದು ಅದಕ್ಕೂ ಮೊದಲೇ ಯೋಚಿಸಿದ್ದೆ ಎನ್ನುವುದೂ ನಿಜ.

“ಹನ್ನೊಂದೂ ನಲವತ್ತರಿಂದ ಮೂವತ್ತು ಫೋಟೊ ಅಳಿಸಿಬಿಡು” ಎಂದೆ.

“ಯಾಕೆ ಮಿಸ್?”

“ವಿಡಿಯೊ ಉದ್ದ ಆಯ್ತು.”

ಅವಳು ನನ್ನ ಮುಖ ನೋಡಿದಳು. ಮೂವತ್ತು ಫೋಟೊ ಎಂದರೆ ಐದೇ ಸೆಕೆಂಡು ಎಂಬ ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. “ಸರಿ ಮಿಸ್” ಎಂದು ಅಳಿಸಿದಳು.

ಮರುದಿನ ಮದ್ದೂರಿನ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲೇ ಅವಳ ಅಪ್ಪ ಕೂತಿದ್ದರು. ಆಲೆಮನೆ ಬಿಟ್ಟುಕೊಟ್ಟವರೆಂದು ನಾನೇ ಕರೆದಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿಲಲ್ಲಿ ಕೈ. ಹುಡುಗಿ ಚೆನ್ನಾಗಿ ಮಾತಾಡಿದಳು. ವಿಡಿಯೊ ಓಡಿತು, ಹನ್ನೊಂದೂ ನಲವತ್ತು ದಾಟಿತು, ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಚಪ್ಪಾಳೆ ಬಿತ್ತು. ನಾನು ಉಸಿರು ಬಿಟ್ಟೆ.

ತೀರ್ಪುಗಾರರು ನಿವೃತ್ತ ಉಪನ್ಯಾಸಕರು, ತಣ್ಣಗಿನ ಮನುಷ್ಯ. “ಇನ್ನೊಂದು ಸಲ ಹಾಕಮ್ಮ” ಎಂದರು. ಎರಡನೆಯ ಸಲ ಅವರು ಪಾಕ ನೋಡಲಿಲ್ಲ, ಮೂಲೆಯ ಗಂಟೆ ನೋಡಿದರು.

“ನಿಲ್ಲಿಸು. ಇಲ್ಲಿ ಹನ್ನೊಂದೂ ನಲವತ್ತು, ಮುಂದಿನದು ಹನ್ನೊಂದೂ ನಲವತ್ತೈದು. ನಿನ್ನ ಪಟ್ಟಿಯಲ್ಲಿ ಬಿಸಿ ಎರಡೇ ಡಿಗ್ರಿ ಏರಿದೆ, ಬಣ್ಣ ಪೂರ್ತಿ ಬದಲಾಗಿದೆ. ನಡುವೆ ಏನಾಯಿತು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲನ್ನಲ್ಲ, ಲ್ಯಾಪ್‌ಟಾಪಿನ ವೈರನ್ನು ಮುಟ್ಟಿ ನೋಡಿದೆ. ಪರದೆಯ ಮೇಲೆ ಹೊಂಬಣ್ಣದ ಪಾಕ ನಿಂತೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಆಗ ಅವಳ ಅಪ್ಪ ಎದ್ದು ನಿಂತರು.

“ಪುಡಿ ಆಕಿದ್ದು ಸಾ. ನಾನೇ ಆಕಿದ್ದು. ಆಕ್ದಿದ್ರೆ ಬೆಲ್ಲ ಕರ್ರಗಾಯ್ತದೆ, ಕರ್ರಗಿನ್ ಬೆಲ್ಲನ ಮಂಡೀಲಿ ಯಾರೂ ಮೂಸೂ ನೋಡಾಕಿಲ್ಲ. ನಿಮ್ಮನೇಗೂ ಬೆಳ್ಳುಗಿರೋ ಅಚ್ಚೇ ತಕಂಡೋಯ್ತೀರ. ತಪ್ಪೋ ಸರಿಯೋ, ಆಕಿದ್ದು ನಿಜ.”

ತೀರ್ಪುಗಾರರು ಅವರನ್ನು ಕೂರಲು ಹೇಳಿದರು. “ನೀವು ಏನು ಹಾಕಿದಿರಿ ಎಂಬುದು ಬೇರೆ ವಿಷಯ. ಅದು ವಿಡಿಯೊದಲ್ಲಿ ಇದ್ದಿದ್ದರೆ ಈ ಮಗುವಿಗೆ ನಾನೇ ಮೊದಲ ಸ್ಥಾನ ಕೊಡುತ್ತಿದ್ದೆ. ಅಳಿಸಿದ್ದು ಯಾರು?”

“ನಾನೇ ಸರ್” ಎಂದಳು ಹುಡುಗಿ.

“ಯಾರಾದರೂ ಅಳಿಸು ಅಂದರಾ?”

ಅವಳಿಗೂ ನನಗೂ ನಡುವೆ ಮೂರು ಹೆಜ್ಜೆಯೂ ಇರಲಿಲ್ಲ. ನನ್ನ ಕಡೆ ಅವಳು ತಿರುಗಲೂ ಇಲ್ಲ. ನಾನು ಬಾಯಿ ತೆರೆಯಬೇಕಿತ್ತು. ತಲೆಯೊಳಗೆ ಮುಖ್ಯ ಶಿಕ್ಷಕರು, ಅಧಿಕಾರಿಗಳು, ಇಷ್ಟು ವರ್ಷದ ನನ್ನ ಹೆಸರು, ಎಲ್ಲ ಒಟ್ಟಿಗೆ ಬಂದು ನಿಂತವು. ಸಣ್ಣ ಸಣ್ಣ ತಪ್ಪಿಗೆ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಬಾಯಿ ಅದು.

“ಯಾರೂ ಅನ್ನಲಿಲ್ಲ ಸರ್. ನನಗೇ ಅನ್ನಿಸ್ತು” ಎಂದಳು.

ಅವರು ಅಂಕಪಟ್ಟಿಯ ಕೆಳಗೆ ಬರೆದರು: ದಾಖಲೆ ತಿದ್ದಲಾಗಿದೆ, ವಿದ್ಯಾರ್ಥಿನಿ ಒಪ್ಪಿಕೊಂಡಿದ್ದಾಳೆ, ಬಹುಮಾನಕ್ಕೆ ಪರಿಗಣಿಸುವಂತಿಲ್ಲ. ಮಾರ್ಗದರ್ಶಿ ಶಿಕ್ಷಕರ ಸಹಿಗೆ ಒಂದು ಗೆರೆ ಇತ್ತು. ಹಾಳೆ ನನ್ನ ಮುಂದೆ ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಲಿ ಎಂದು ಪಾಠ ಮಾಡಿದವಳು ಸಹಿ ಹಾಕಿದೆ. ದಿನಾಂಕವನ್ನೂ ಬರೆದೆ.

ಸಂಜೆ ಬಸ್ ನಿಲ್ದಾಣದಲ್ಲಿ ಮೂವರೂ ನಿಂತಿದ್ದೆವು. ಹುಡುಗಿ ಟ್ಯಾಬಿನ ಚೀಲವನ್ನು ನನ್ನ ಕೈಗೆ ಕೊಟ್ಟು, “ಚಾರ್ಜರ್ ಒಳಗೈತೆ ಮಿಸ್” ಎಂದು ಹೇಳಿ ನೀರು ಕುಡಿಯಲು ಹೋದಳು. ಬೆಳಗ್ಗೆ ಬರುವಾಗ ದಾರಿಯುದ್ದಕ್ಕೂ ಮಂಡ್ಯದ ಮಾತೇ ಆಡಿದ್ದವಳು ಈಗ ಆ ಊರಿನ ಹೆಸರನ್ನೂ ಎತ್ತಲಿಲ್ಲ.

ಅವಳು ಅತ್ತ ಹೋಗುವುದನ್ನೇ ಕಾಯುತ್ತಿದ್ದವರಂತೆ ಅಪ್ಪ ಹತ್ತಿರ ಬಂದರು. ದನಿ ಏರಿಸಲಿಲ್ಲ.

“ಮೇಡಂ, ಒಂದ್ ಮಾತು. ಪುಡಿ ಆಕಿದ್ನ ನನ್ ಮಗ್ಳು ದಿನಾ ನೋಡ್ತಾಳೆ. ಮುಚ್ಚಿಡು ಅಂತ ನಾನ್ಯಾವತ್ತೂ ಏಳಿಲ್ಲ. ಮನೇಲಿ ಒಂದ್ ಸುಳ್ಳೂ ಏಳಾಕಿಲ್ಲ ಅವ್ಳು. ಇದ್ನ ಯಾರ್ ಏಳ್ಕೊಟ್ರು?”

“ಅಳಿಸು ಅಂದವಳು ನಾನು” ಎಂದೆ. ಬೈದರೆ ಬೈಸಿಕೊಳ್ಳೋಣ ಎಂದು ನಿಂತೆ. ಬೈದಿದ್ದರೆ ಹಗುರಾಗುತ್ತಿತ್ತು.

ಅವರು ಬೈಯಲಿಲ್ಲ.

“ಅದ್ನ ನಂಗ್ಯಾಕ್ ಏಳ್ತೀರಿ ಮೇಡಂ? ಅಲ್ ಏಳ್ಬೇಕಾಗಿತ್ತು.”

ಬಸ್ಸು ಬಂತು. ಅಪ್ಪ ಮಗಳು ಹತ್ತಿದರು. ಕಂಡಕ್ಟರ್ ನನ್ನ ಕಡೆ ನೋಡಿ, ಬತ್ತೀರೇನಮ್ಮ ಎಂದು ಕೇಳಿದ. ನಮ್ಮ ಊರಿಗೂ ಅದೇ ಬಸ್ಸು. ನಾನು ಹತ್ತಲಿಲ್ಲ.