ಬೋರಲಿಟ್ಟ ಚಹಾ ಕಪ್

ಇವತ್ತು ಬೆಳಿಗ್ಗೆ ನಾನು ಚಹಾ ಸೋಸಿಕೊಂಡು ಬರುವಷ್ಟರಲ್ಲಿ ಮೇಜಿನ ಮೇಲೆ ಒಂದು ಕಪ್ ಬೋರಲಾಗಿ ಕೂತಿತ್ತು. ಅದರ ಹಿಂದೆ ನನ್ನ ಮಗಳು ಅನಘಾ ಕೂತಿದ್ದಳು. ಲೀಡ್ಸಿನ ಕೆಲಸ ಬಿಟ್ಟು, ಎರಡು ಸೂಟ್‌ಕೇಸ್ ಎಳೆದುಕೊಂಡು ಈಸ್ಟ್ ಹ್ಯಾಮ್‌ನ ನಮ್ಮ ಮನೆಗೆ ಅವಳು ಬಂದು ಹನ್ನೆರಡು ದಿನ. ಏನಾಯಿತೆಂದು ನಾನು ಬಾಗಿಲಾಚೆ ನಿಂತು ಕೇಳದ ದಿನವಿಲ್ಲ. "ಐ ಆ್ಯಮ್ ಫೈನ್, ಅಮ್ಮಾ" ಎಂದು ಅವಳು ಒಳಗಿನಿಂದ ಹೇಳದ ದಿನವಿಲ್ಲ. ಊಟದ ತಟ್ಟೆ ಮಹಡಿಗೆ ಹೋಗಿ ಅರ್ಧ ಖಾಲಿಯಾಗಿ ಕೆಳಗೆ ಬರುತ್ತಿತ್ತು. ಅಂಥವಳು ಇವತ್ತು ತಾನಾಗಿ ಮೆಟ್ಟಿಲಿಳಿದು ಬಂದು, ಕಪ್ ತಿರುಗಿಸಿಟ್ಟು, ಕಿಟಕಿಯ ಕಡೆ ನೋಡುತ್ತಿದ್ದಳು. ಬೇರೆ ತಾಯಿಯಾಗಿದ್ದರೆ ನೊಂದುಕೊಳ್ಳುತ್ತಿದ್ದಳೇನೋ. ನನಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ತಮ್ಮ ಸೀನನ ಕಥೆ ಕೇಳಬೇಕು.

ಸೀನ ಡಾಕ್ಟರು. ಧಾರವಾಡದಲ್ಲಿ ಬೆಳೆದು, ವಿಲಾಯತಿಗೆ ಬಂದು, ಇಲ್ಲಿಯ ಆಸ್ಪತ್ರೆ ಸೇರಿ, ಎಲ್ಲರಂತೆ ಮನೆ ಮಾಡಿ ಸುಖವಾಗಿರುವುದು ಬಿಟ್ಟು ಹದಿನಾರು ವರ್ಷದ ಹಿಂದೆ ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಕೇಂದ್ರಕ್ಕೆ ವೈದ್ಯನಾಗಿ ಹೊರಟ. ಚಳಿಗಾಲವಿಡೀ ಅಲ್ಲಿಗೆ ಹಡಗಿಲ್ಲ, ವಿಮಾನವಿಲ್ಲ. ವಾರಗಟ್ಟಲೆ ಸೂರ್ಯನೂ ಇಲ್ಲ. ಇರುವವರು ಒಟ್ಟು ಹನ್ನೆರಡು ಮಂದಿ. ಇದನ್ನೆಲ್ಲ ವಿವರಿಸಿದ ಮೇಲೆ ನಮ್ಮ ಅವ್ವ ಧಾರವಾಡದಿಂದ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೆ ರೊಟ್ಟಿ ಸಿಗತಾವೇನ?" ಸಿಗುವುದಿಲ್ಲವೆಂದು ನಾನು ಒಂದು ಡಬ್ಬಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟೆ. ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ.

ಹತ್ತು ತಿಂಗಳ ನಂತರ ಅವನು ನೇರ ನಮ್ಮ ಮನೆಗೇ ಬಂದ. ಗಡ್ಡ ಬಿಟ್ಟಿದ್ದ, ತುಸು ತೆಳ್ಳಗಾಗಿದ್ದ, ಅಷ್ಟು ಬಿಟ್ಟರೆ ಅದೇ ಸೀನ. ಆದರೆ ಒಂದು ಮಾತು ಶುರು ಮಾಡಿದರೆ ಅರ್ಧದಲ್ಲೇ ನಿಲ್ಲಿಸಿ ಗೋಡೆ ನೋಡುತ್ತ ಕೂತುಬಿಡುತ್ತಿದ್ದ. ಬಸ್ಸು ಹೋದರೆ ಬೆಚ್ಚುತ್ತಿದ್ದ. ಮರುದಿನ ಬೆಳಿಗ್ಗೆ ನಾನು ಏಲಕ್ಕಿ ಜಜ್ಜಿ ಹಾಕಿದ ಚಹಾ ತಂದರೆ ಮುಂದಿದ್ದ ಖಾಲಿ ಕಪ್ ಎತ್ತಿ ಬೋರಲು ಹಾಕಿಬಿಟ್ಟ! ನಮ್ಮ ಕಡೆ ಮನೆಗೆ ಬಂದ ಶತ್ರು ಕೂಡ ಅರ್ಧ ಕಪ್ ಕುಡಿದೇ ಜಗಳ ಶುರು ಮಾಡುವುದು. ಒಡಹುಟ್ಟಿದವನು ಚಹಾ ಬೇಡವೆಂದರೆ ನನಗೆ ಹೇಗಾಗಬೇಡ? ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

ನಮ್ಮ ಯಜಮಾನರು ಮೈಸೂರಿನವರು. ಅವರಿಗೆ ಇದರ ಗಾಂಭೀರ್ಯ ತಿಳಿಯಲಿಲ್ಲ. "ಚಹಾ ತಾನೇ, ಬಿಡೇ. ಕಾಫಿ ಆಗಿದ್ರೆ ಕುಡೀತಿದ್ದ" ಎಂದು ಪೇಪರ್ ಮಡಿಸಿ ಕೆಲಸಕ್ಕೆ ಹೋದರು.

ನನಗೆ ಮಾತ್ರ ದಿಗಿಲು. ತಿಂಗಳ ಕೊನೆಗೆ ಅವನು ಆಸ್ಪತ್ರೆಗೆ ಹಾಜರಾಗಬೇಕಿತ್ತು. ಅಕ್ಕನ ಹತ್ತಿರವೇ ಬಾಯಿ ಬಿಡದವನು ರೋಗಿಗಳ ಹತ್ತಿರ ಏನು ಮಾತಾಡುತ್ತಾನೆ? ನನ್ನ ತಮ್ಮ ದೇಹ ಮಾತ್ರ ವಾಪಸು ತಂದು ಉಳಿದದ್ದನ್ನು ಅಲ್ಲೇ ಬಿಟ್ಟು ಬಂದಿದ್ದಾನೆಯೇ ಎಂದು ಹೆದರಿಕೆಯಾಯಿತು. ಅವ್ವ ದಿನಾ ಫೋನು ಮಾಡಿ "ಮಾತಾಡ್ಲಿಕತ್ತಾನೇನವಾ?" ಎಂದು ಕೇಳುವಳು. "ಹೂಂ, ಬಾಯಿ ಮುಚ್ಚವಲ್ಲ" ಎಂದು ನಾನು ಸುಳ್ಳು ಹೇಳುವೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್ ಆಗಿದ್ದೆ. ಬಂದವರಿಗೆ ಏನಾಗಿದೆ ಎಂದು ಡಾಕ್ಟರಿಗಿಂತ ಮೊದಲು ಕೇಳಿ ತಿಳಿದುಕೊಳ್ಳುವುದೇ ನನ್ನ ಕೆಲಸ. ನನಗೆ ಗೊತ್ತಿರುವ ಔಷಧ ಒಂದೇ: ಜನ. ನೆಗಡಿಯಾದರೂ ನಾಲ್ಕು ಜನ ಬಂದು ಮಾತಾಡಿಸಿದರೆ ಇಳಿಯುತ್ತದೆ ಎಂದು ಬಲವಾಗಿ ನಂಬಿದವಳು. ಹಾಗಾಗಿ ಆ ಭಾನುವಾರ ಸೀನನ ಸ್ವಾಗತಕ್ಕೆಂದು ಇಲ್ಲಿ ನೆಲೆಸಿರುವ ಧಾರವಾಡ, ಬೆಳಗಾವಿ, ಕಲಬುರಗಿಯ ಮೂವತ್ತು ಮಂದಿಯನ್ನು ಊಟಕ್ಕೆ ಕರೆದೆ. ಆರತಿ ತಟ್ಟೆ ಸಿದ್ಧ, ಹಾರ ಸಿದ್ಧ, ಬದನೆಕಾಯಿ ಎಣ್ಣೆಗಾಯಿ ಸಿದ್ಧ. ಹಾರ ಹಾಕಿಸಿಕೊಳ್ಳಬೇಕಾದ ಕೊರಳೇ ನಾಪತ್ತೆ.

ಕೊನೆಗೆ ಸಿಕ್ಕಿದ್ದು ಮನೆ ಮುಂದೆ ನಿಂತಿದ್ದ ನಮ್ಮ ಕಾರಿನಲ್ಲಿ. ಬಾಗಿಲು ಲಾಕ್ ಮಾಡಿ, ಕಣ್ಣು ಮುಚ್ಚಿ ಹಿಂದಿನ ಸೀಟಿನಲ್ಲಿ ಹಾಯಾಗಿ ಕೂತಿದ್ದ. ನಾನು ಗಾಜು ಬಡಿದೆ. ಬಾಗಿಲನ್ನು ಎರಡು ಬೆರಳಷ್ಟು ತೆರೆದ.

"ಎಷ್ಟು ಮಂದಿ ಬಂದಾರಕ್ಕಾ?"

"ಮೂವತ್ತು."

"ಹನ್ನೆರಡರ ಮ್ಯಾಲೆ ನನಗ ಎಣಸಲಿಕ್ಕೇ ಬರವಲ್ದು ಈಗ."

ನನಗೆ ಸಿಟ್ಟು ನೆತ್ತಿಗೇರಿತು. "ಚಾ ಬ್ಯಾಡ, ಮಂದಿ ಬ್ಯಾಡ, ಅಕ್ಕನೂ ಬ್ಯಾಡ. ಮತ್ತ ಇಲ್ಲಿಗ್ಯಾಕ ಬಂದೀಪಾ? ಆ ಹಿಮದಾಗೇ ಇರಬೇಕಿತ್ತು!" ಅಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಆಡಿದ ಮೇಲೆ ಕಚ್ಚಿಕೊಳ್ಳುವುದು ನನ್ನ ನಾಲಿಗೆಯ ಅಭ್ಯಾಸ.

ಅವನು ಸಿಟ್ಟು ಮಾಡಲಿಲ್ಲ. ಸರಿದು ಕೂತು ಜಾಗ ಕೊಟ್ಟ. ನಾನು ರೇಷ್ಮೆ ಸೀರೆ ಎತ್ತಿ ಹಿಡಿದು ಒಳಗೆ ಕೂತೆ. ಬಂದ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

"ಚಾ ಬ್ಯಾಡ ಅಂತಲ್ಲಕ್ಕಾ ಅದು. ಅಲ್ಲೆ ಅವರೇ ಹನ್ನೆರಡು ಮಂದಿ, ದಿನಾ. ಯಾರು ಹೆಂಗ ಕೆಮ್ಮತಾರ, ಯಾರು ಚಮಚಾ ಹೆಂಗ ಆಡಸ್ತಾರ, ಎಲ್ಲಾ ಬಾಯಿಪಾಠ. ತನ್ನ ಕುರ್ಚ್ಯಾಗ ಕೂತಾ ಅಂತ ಒಬ್ಬ ದೊಡ್ಡ ವಿಜ್ಞಾನಿ ಇನ್ನೊಬ್ಬನ ಜೋಡಿ ಮೂರು ವಾರ ಮಾತು ಬಿಟ್ಟಿದ್ದ. ಕತ್ತಲಿ ಬ್ಯಾರೆ. ಒಂದೊಂದು ದಿನ ಬಾಯಿ ತಗೀಲಿಕ್ಕೇ ಆಗೂದಿಲ್ಲ. ಅದಕ್ಕ ಒಂದು ಪದ್ಧತಿ ಮಾಡ್ಕೊಂಡಿದ್ವಿ. ಮೇಜಿಗೆ ಬರಲೇಬೇಕು, ಮಾತಾಡಲೇಬೇಕು ಅಂತ ಇಲ್ಲ. ಕಪ್ ಡಬ್ಬು ಹಾಕಿದ್ರ, 'ನಾ ಬಂದೀನಿ, ಇವತ್ತ ಏನೂ ಕೇಳಬ್ಯಾಡ್ರಿ' ಅಂತ ಅರ್ಥ."

"ಮತ್ತ ಮೇಜಿಗೇ ಬರದಿದ್ರ?"

"ಬರದಿದ್ರ ಎಲ್ಲಾರೂ ಕೋಟ್ ಹಾಕ್ಕೊಂಡು ಹುಡುಕ್ಕೋತ ಬರತಿದ್ರು."

ಕೂಡು ಕುಟುಂಬದಲ್ಲಿ ಬೆಳೆದ ನನಗೆ ಕುರ್ಚಿಯ ಜಗಳ ತಕ್ಷಣ ಅರ್ಥವಾಯಿತು. ಅದಕ್ಕೆ ಹಿಮವೇ ಬೇಕಂತಿಲ್ಲ. ಆದರೆ ಕೇಳದೆ ಇರುವುದೂ ಒಂದು ಉಪಚಾರವೆಂದು ನನಗೆ ಯಾರೂ ಹೇಳಿರಲಿಲ್ಲ. ಮೂವತ್ತು ಮಂದಿಗೆ ಅವನಿಗೆ ಜ್ವರವೆಂದು ಹೇಳಿ ಎಣ್ಣೆಗಾಯಿ ಬಡಿಸಿದೆ. ಹಾರವನ್ನು ದೇವರಿಗೆ ಹಾಕಿದೆ.

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಆಗ ಒಂಬತ್ತು ವರ್ಷದ ಅನಘಾಗೆ ಇದು ಬಹಳ ಹಿಡಿಸಿತು; ಹೋಂವರ್ಕ್ ಆಯಿತೇ ಎಂದು ಕೇಳುವ ಮೊದಲೇ ಹಾಲಿನ ಲೋಟ ಬೋರಲು ಹಾಕುತ್ತಿದ್ದಳು. ಸೀನ ದಿನಾ ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕಕ್ಕೆ ತಪ್ಪದೆ ಬರುವ, ಕಪ್ ತಿರುಗಿಸುವ, ಕೂರುವ. ನಾನು ತುಟಿ ಬಿಗಿಹಿಡಿದು ಎದುರಿಗೆ ಕೂರುವೆ. ನಿಜ ಹೇಳುತ್ತೇನೆ, ಆ ಹತ್ತು ದಿನ ಅಂಟಾರ್ಕ್ಟಿಕಾದಲ್ಲಿದ್ದವಳು ನಾನು.

ಹನ್ನೊಂದನೆಯ ದಿನ ಸಂಜೆ ನಾಲ್ಕಾದರೂ ಅವನು ಬರಲಿಲ್ಲ. ಕೋಣೆಯಲ್ಲಿಲ್ಲ, ಕಾರಿನಲ್ಲಿಲ್ಲ, ಫೋನು ಹಾಸಿಗೆಯ ಮೇಲಿದೆ. ಕೋಟು ನೆನಪಾಗಲಿಲ್ಲ, ಮನೆಯ ಚಪ್ಪಲಿಯಲ್ಲೇ ಹೈ ಸ್ಟ್ರೀಟ್ ನಾರ್ತ್ ರಸ್ತೆಯ ಉದ್ದಕ್ಕೂ ಓಡಿದೆ. ಸೀರೆ ಅಂಗಡಿ, ದೋಸೆ ಹೋಟೆಲು ದಾಟಿ ಟ್ಯೂಬ್ ರೈಲಿನ ಸ್ಟೇಷನ್ ಹತ್ತಿರ ಬಂದರೆ, ತರಕಾರಿ ಅಂಗಡಿಯ ಮುಂದೆ ನಿಂತಿದ್ದಾನೆ! ಒಂದು ಕಟ್ಟು ಮೆಂತ್ಯಸೊಪ್ಪಿನಲ್ಲಿ ಮುಖ ಹುದುಗಿಸಿ ಉಸಿರೆಳೆಯುತ್ತಿದ್ದಾನೆ. ಅಂಗಡಿಯವನು ಪೊಲೀಸರನ್ನು ಕರೆಯಬೇಕೋ ಚೀಲ ಕೊಡಬೇಕೋ ತಿಳಿಯದೆ ನೋಡುತ್ತಿದ್ದ.

"ಅಲ್ಲೆ ಹತ್ತು ತಿಂಗಳು ಹಸರ ನೋಡಿದ್ದಿಲ್ಲಕ್ಕಾ. ವಾಸನಿ ಹಿಡಕೊಂಡು ಬಂದೆ. ಹೊತ್ತು ಹೋಗಿದ್ದೇ ತಿಳೀಲಿಲ್ಲ" ಅಂದ. ಗಡ್ಡವೆಲ್ಲ ಒದ್ದೆಯಾಗಿತ್ತು. ಸೊಪ್ಪಿನ ನೀರೋ ಕಣ್ಣೀರೋ ನಾನು ಕೇಳಲಿಲ್ಲ. ಅವನು ನನ್ನ ಚಪ್ಪಲಿ ನೋಡಿದ. "ಕೋಟ್ ಹಾಕ್ಕೊಳ್ಳಾರದ ಬಂದೀಯಲ್ಲ. ಅಲ್ಲೆ ಆಗಿದ್ರ ಸತ್ತಿರತಿದ್ದಿ" ಎಂದು ನಕ್ಕ. ಅವನು ನಕ್ಕಿದ್ದು ನೋಡಿ ನಾನು ಬೀದಿಯಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ.

ಆ ಸಂಜೆ ಅವನ ಕಪ್ ನೆಟ್ಟಗೆ ಇತ್ತು. ಮೂರು ಕಪ್ ಕುಡಿದ. ತಿಂಗಳ ಕೊನೆಗೆ ಆಸ್ಪತ್ರೆಗೂ ಹೋದ. ಈಗಂತೂ ಭಾನುವಾರ ಫೋನು ಹಿಡಿದರೆ ನಾನೇ ಅದನ್ನು ಬೋರಲು ಹಾಕಬೇಕು, ಅಷ್ಟು ಮಾತು.

ಇವತ್ತಿಗೆ ಬರೋಣ. ಹನ್ನೆರಡು ದಿನ ಮಗಳ ಬಾಗಿಲಲ್ಲಿ ನಿಂತು ನಾನು ಕೇಳಿದ್ದೇ ಕೇಳಿದ್ದು. ಎಲ್ಲ ಮರೆತಿದ್ದೆ, ಅವಳು ಮರೆತಿರಲಿಲ್ಲ. ನಾನು ಚಹಾ ಕೆಳಗಿಟ್ಟು, ಅವಳ ಎದುರು ಕೂತು, ನನ್ನ ಕಪ್ಪನ್ನೂ ಬೋರಲು ಹಾಕಿದೆ. ಯಜಮಾನರು ಕಾಫಿ ಹಿಡಿದು ಬಂದವರು ಗಾಬರಿಯಾಗಿ "ಯಾಕೇ, ಹುಷಾರಿಲ್ವಾ?" ಅಂದರು. ನಾನು ಸುಮ್ಮನೆ ಕುರ್ಚಿ ತೋರಿಸಿದೆ. ಅನಘಾಳ ತುಟಿಯ ಒಂದು ತುದಿ ಅಲುಗಿದಂತೆ ಕಂಡಿತು. ಇಪ್ಪತ್ತು ನಿಮಿಷ ಮೂವರೂ ಹಾಗೇ ಕೂತಿದ್ದೆವು. ಚಹಾ ಆರಿತು, ನಾನೊಂದು ಮಾತೂ ಕೇಳಲಿಲ್ಲ.

ಆಮೇಲೆ ಅವಳು ಎದ್ದು ಮೇಲೆ ಹೋದಳು. ಕಪ್ಪನ್ನು ಮಾತ್ರ ತನ್ನ ಜಾಗದಲ್ಲಿ ಬೋರಲಾಗಿಯೇ ಬಿಟ್ಟು ಹೋದಳು. ಊಟದ ಮೇಜಿನ ಮೇಲೆ ಒಂದು ಚಮಚ ಉಳಿದರೂ ನನಗೆ ನಿದ್ದೆ ಬರುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತು. ಸುತ್ತಲೂ ಒರೆಸಿ, ಆ ಕಪ್ಪನ್ನು ಅಲ್ಲೇ ಬಿಟ್ಟಿದ್ದೇನೆ. ನಾಳೆ ಎಂಟಕ್ಕೆ ಅವಳಿಗೆ ಬೇಕಾಗುತ್ತದೆ.