ಮುಚ್ಚಳದ ಮೇಲಿನ ತಗ್ಗು

ಸೋಮವಾರ, ಬೆಳಿಗ್ಗೆ ಆರೂವರೆ. ಅಡುಗೆಮನೆಯಲ್ಲಿ ನಾನು ಮತ್ತು ಸೊಸೆ. ಹಿಂದಿನ ದಿನ ಬಂದ ಪಾರ್ಸೆಲನ್ನು ಅವಳು ಕತ್ತರಿಸಿದಾಗ ರಟ್ಟು, ಅಂಟಿನ ವಾಸನೆ ಚಹಾದ ಪರಿಮಳವನ್ನೇ ನುಂಗಿತು. ಒಳಗಿದ್ದದ್ದು ಸ್ಟೀಲಿನ ಊಟದ ಡಬ್ಬ. ಮುಚ್ಚಳದ ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು.

"ಮಸ್ತ್ ಅಲ್ವಾ ಮಾವ? ಲೋಕಲ್ ಟ್ರೇನಿನ ಗರ್ದಿಯಲ್ಲಿ ಉಲ್ಟಾ ಆದ್ರೂ ಸಾಂಬಾರ್ ಚೆಲ್ಲಲ್ವಂತೆ" ಎಂದಳು.

ಆ ತಗ್ಗು ನನಗೆ ಗೊತ್ತಿತ್ತು...

ಡೊಂಬಿವಿಲಿ ಸ್ಟೇಷನ್ನಿನ ಪೂರ್ವಕ್ಕೆ ನಮ್ಮ ಉಡುಪಿ ಕಡೆಯವರೊಬ್ಬರ ಪಾತ್ರೆಯಂಗಡಿ ಇತ್ತು. ಗಿರಾಕಿಯ ಎದುರೇ ಡಬ್ಬಕ್ಕೆ ನೀರು ತುಂಬಿ ಬೋರಲು ಹಿಡಿಯುತ್ತಿದ್ದರು. ಒಂದು ಹನಿ ಬಿದ್ದರೂ ಮಾರುತ್ತಿರಲಿಲ್ಲ. ವಾತದಿಂದ ತಮ್ಮ ಹೆಂಡತಿಯ ಹೆಬ್ಬೆರಳು ಸೊಟ್ಟಗಾಗಿ ಮುಚ್ಚಳ ತೆಗೆಯುವುದೇ ಕಷ್ಟವಾದಾಗ, ಅಂಬರನಾಥದ ಕಾರ್ಖಾನೆಯೊಂದರಲ್ಲಿ ಎಷ್ಟೋ ಮುಚ್ಚಳ ಕೆಡಿಸಿ, ಆ ಬೆರಳಿನ ಅಳತೆಗೆ ತಗ್ಗು ಮಾಡಿಸಿದರು.

ಈಗ ಈ ಪಾರ್ಸೆಲ್ ಕಳಿಸಿದ ದೊಡ್ಡ ಆನ್‌ಲೈನ್ ಕಂಪನಿ ಬೆಳೆಯುತ್ತಿದ್ದ ಕಾಲವದು. ಮೊದಲು ಪುಸ್ತಕ, ಆಮೇಲೆ ಫೋನು, ಬಟ್ಟೆ, ಬೇಳೆ. ಭಿವಂಡಿ ಕಡೆ ಗೋದಾಮು. ಯಾರು ಏನು ಕೊಂಡರೆಂದು ಮರೆಯದ ಕಂಪ್ಯೂಟರುಗಳು. ಅಲ್ಲಿ ಮಾರಿ ಎಂದು ನಾನೇ ಒತ್ತಾಯಿಸಿದೆ.

"ಪುಸ್ತಕದವರಿಗೆ ನನ್ನ ಡಬ್ಬ ಯಾಕೆ ಮಾರಾಯ್ರೆ? ಡಬ್ಬ ಓದ್ತಾರಾ ಅವರು?" ಎಂದು ನಕ್ಕಿದ್ದರು.

ನಾನು ರೈಲ್ವೆ ಕಚೇರಿಯಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಡದೆ ನಿವೃತ್ತನಾದವನು. ಅಂಗಡಿಯವರ ಪರವಾಗಿ, ಕಂಪನಿಯ ಏಜೆಂಟ್ ಕೊಟ್ಟ ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚೇ ಬರೆದೆ. ತಗಡಿನ ದಪ್ಪ, ರಬ್ಬರಿನ ಸುತ್ತಳತೆ, ತಗ್ಗಿನ ಆಳ, ಕಾರ್ಖಾನೆಯ ವಿಳಾಸ ಕೂಡ.

ಒಂದು ವರ್ಷ ಮಾರಾಟ ಚೆನ್ನಾಗಿತ್ತು. ಆಮೇಲೆ ಅದೇ ಡಬ್ಬ ಕಂಪನಿಯ ಸ್ವಂತ ಹೆಸರಿನಲ್ಲಿ ಅರ್ಧ ಬೆಲೆಗೆ ಬಂತು. ಮಾಡಿಕೊಡುತ್ತಿದ್ದದ್ದೂ ಅದೇ ಅಂಬರನಾಥದ ಕಾರ್ಖಾನೆ. ದೂರು ಕೊಟ್ಟಾಗಲೆಲ್ಲ ಯಂತ್ರದ ಒಂದೇ ಉತ್ತರ: ನಿಮ್ಮ ಅನುಭವ ನಮಗೆ ಮುಖ್ಯ. ಇಷ್ಟು ಹೇಸಿಗೆಯ ವಿನಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಡಿ ಮುಚ್ಚಿದ ದಿನ ಅವರು ನನ್ನನ್ನು ಬೈಯಲಿಲ್ಲ. "ಅಂತೂ ಓದಿದ್ರು ನೋಡಿ ಮಾರಾಯ್ರೆ. ನಿಮ್ಮ ಅಕ್ಷರ ಅಷ್ಟು ಚಂದ ಉಂಟು" ಎಂದರು.

ಬೈದಿದ್ದರೆ ಚೆನ್ನಾಗಿತ್ತು... ಈಗ ಅವರೂ ಇಲ್ಲ, ಅವರ ಹೆಂಡತಿಯೂ ಇಲ್ಲ.

ಸಂಜೆ ಏಳಕ್ಕೆ ಸೊಸೆ ಬಂದಳು. "ಒಂದು ಹನಿಯೂ ಚೆಲ್ಲಲಿಲ್ಲ ಮಾವ. ಐದಕ್ಕೆ ಐದು ಸ್ಟಾರ್ ಕೊಟ್ಟೆ."

ಸಂಜೆಯ ಪಾತ್ರೆ ತೊಳೆಯುವುದು ನನ್ನ ಪಾಲಿನ ಕೆಲಸ. ಮುಚ್ಚಳ ತೆಗೆಯುವಾಗ ನನ್ನ ಹೆಬ್ಬೆರಳು ಆ ತಗ್ಗಿನಲ್ಲಿ ಹಾಯಾಗಿ ಕೂತಿತು. ಡಬ್ಬ ತೊಳೆದು, ಒರೆಸಿ, ಬೋರಲು ಹಾಕಿದೆ. ಆಮೇಲೆ ಸೋಪು ಹಾಕಿ ಕೈಯನ್ನು ಇನ್ನೊಮ್ಮೆ ತೊಳೆದುಕೊಂಡೆ.